ಅಲ್ ಕುದ್ಸ್ ಹೋಗಿ ಅಲ್ ಖೌದ್ ಆದದ್ದು

ನಾನು ಬಾಯಿ ತೆರೆದರೆ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ಹಾಗಂತ ಬಾಯಿ ಮುಚ್ಚಿಕೊಂಡಿರುವ ಜಾಯಮಾನ ನನ್ನದಲ್ಲ. ಮಸ್ಕತ್ತಿನಲ್ಲಿ ಏಸಿ ಡಕ್ಟುಗಳ ನಕ್ಷೆ ಬಿಡಿಸುವುದು ಹೊಟ್ಟೆಪಾಡು. ಇತಿಹಾಸದ ಭಾಷಣ ನನ್ನ ಚಟ. ಕಳೆದ ಸಲ ಕನ್ನಡ ಬಳಗದಲ್ಲಿ ಮಾತಾಡಿದಾಗ ಕೇಳಲು ಬಂದವರು ಮೂವರು. ಅವರಲ್ಲಿ ಇಬ್ಬರು ನನ್ನ ಹೆಂಡತಿ, ಮಗಳು. ಈ ಸಲ ಹಾಲ್ ತುಂಬದಿದ್ದರೆ ಭಾಷಣದ ಚಟವೇ ಖಲಾಸ್ ಎಂದು ಹೆಂಡತಿಗೆ ಮಾತು ಕೊಟ್ಟುಬಿಟ್ಟೆ. ವಿಷಯ ಜೆರುಸಲೇಮ್. ಅರಬ್ಬರ ನಾಡಿನಲ್ಲಿದ್ದೇವಲ್ಲ, ಅರಬ್ಬಿ ಹೆಸರೇ ಇರಲಿ ಎಂದು ‘ಅಲ್ ಕುದ್ಸ್ ಇತಿಹಾಸ’ ಎಂದು ಬಳಗದ ಕಾರ್ಯದರ್ಶಿಗೆ ಬರೆದು ಕಳಿಸಿದೆ.

೧. ರಜೆ

ಒಮಾನಿ ಬಾಸ್ ಹತ್ತಿರ ಅರ್ಧ ದಿನ ರಜೆ ಕೇಳಿದೆ. “ಅಲ್ ಕುದ್ ಬಗ್ಗೆ ಭಾಷಣವಿದೆ ಸರ್. ಮೂರು ಧರ್ಮದವರಿಗೂ ಪವಿತ್ರವಾದ ಊರು.”

ಕೊನೆಯ ‘ಸ್’ ನನ್ನ ನಾಲಗೆಯಲ್ಲೇ ಉಳಿದಿತ್ತು. ಅವರಿಗೆ ಕೇಳಿಸಿದ್ದು ಅಲ್ ಖೌದ್. ಅವರೂ ನಾನೂ ವಾಸವಾಗಿರುವ, ಯೂನಿವರ್ಸಿಟಿ ಪಕ್ಕದ ಬಡಾವಣೆ.

ಬಾಸ್ ಗಂಭೀರವಾಗಿ ತಲೆಯಾಡಿಸಿದರು. “ನಿಜ. ಅಲ್ಲಿ ಸಂಜೆ ಪಾರ್ಕಿಂಗ್ ಸಿಕ್ಕರೆ ಯಾವ ಧರ್ಮದವನಾದರೂ ದೇವರನ್ನು ನೆನೆಯುತ್ತಾನೆ.”

೨. ಬೀಗದ ಕೈ

ಮನೆಯಲ್ಲಿ ರಿಹರ್ಸಲ್. ಆ ಊರಿನ ದೊಡ್ಡ ಚರ್ಚಿನಲ್ಲಿ ಕ್ರೈಸ್ತರ ಹಲವು ಪಂಗಡಗಳಿಗೆ ಪಾಲಿದೆ, ಬೀಗದ ಕೈ ಮಾತ್ರ ತಲೆಮಾರುಗಳಿಂದ ಒಂದು ಮುಸ್ಲಿಂ ಮನೆತನದ ಹತ್ತಿರ ಇದೆ ಎಂದು ಗದ್ಗದಿತನಾಗಿ ವಿವರಿಸಿದೆ.

“ಅದ್ರಲ್ಲೇನಿದೆ?” ಎಂದಳು ಹೆಂಡತಿ. “ನಮ್ಮ ಟೆರೇಸ್ ಕೀ ವಾಚ್‌ಮನ್ ಹತ್ರ ಇಲ್ವಾ? ಆರು ಮನೆಯವ್ರಿಗೂ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇದ್ದಿದ್ರೆ ನನ್ನ ಹಪ್ಪಳ ಯಾವತ್ತೋ ಒಣಗಿರೋದು.”

“ಅಪ್ಪಾ, ಅಮ್ಮಾಸ್ ಸ್ಪೀಚ್ ಈಸ್ ಬೆಟರ್,” ಎಂದಳು ಮಗಳು.

೩. ಹೌಸ್‌ಫುಲ್

ಹಾಲ್ ತುಂಬಿ ತುಳುಕುತ್ತಿತ್ತು! ಪಕ್ಕದ ಕೋಣೆಯಿಂದ ಕುರ್ಚಿ ಹೊತ್ತು ತರುತ್ತಿದ್ದರು. ನನಗಾದ ಹಿಗ್ಗು ಅಷ್ಟಿಷ್ಟಲ್ಲ. ಆಮೇಲೆ ಬೋರ್ಡು ನೋಡಿದೆ: ‘ಅಲ್ ಖೌದ್ ಇತಿಹಾಸ’.

ಮಂಗಳೂರು ಕಡೆಯವರಾದ ಕಾರ್ಯದರ್ಶಿ ಬೀಗುತ್ತಾ ಬಂದರು. “ನಿಮ್ಮ ಸ್ಪೆಲ್ಲಿಂಗ್ ತಪ್ಪಿತ್ತು ಮಾರಾಯ್ರೆ, ನಾನೇ ಸರಿ ಮಾಡಿದೆ. ನಮ್ಮವರು ಅರ್ಧಕ್ಕರ್ಧ ಇರುವುದೇ ಅಲ್ಲಿ, ಜನ ನೋಡಿ!”

ನಿಜ ಹೇಳಿದರೆ ಅರ್ಧ ಹಾಲ್ ಖಾಲಿ, ನನ್ನ ಚಟವೂ ಖಲಾಸ್. ಊರಿನ ಹೆಸರನ್ನು ಕೊನೆಗೆ ಹೇಳಿದರಾಯಿತೆಂದು ಎದೆ ಸೆಟೆಸಿ ಶುರು ಮಾಡಿದೆ.

“ಈ ಊರನ್ನು ಬಾಬಿಲೋನಿನವರು ಸುಟ್ಟರು. ಮತ್ತೆ ಕಟ್ಟಿದರು. ರೋಮನ್ನರು ನೆಲಸಮ ಮಾಡಿದರು. ಮತ್ತೆ ಕಟ್ಟಿದರು. ಇವತ್ತಿಗೂ ಒಂದೊಂದು ಗೋಡೆಗೂ ಜಗಳ ತಪ್ಪಿಲ್ಲ!”

ಎಲ್ಲರೂ ಕುರ್ಚಿಯ ತುದಿಗೆ ಸರಿದು ಕೂತರು. ಗೆದ್ದೆನೆಂದು ಹೆಂಡತಿಯ ಕಡೆ ನೋಡಿ ಮೀಸೆ ತಿರುವಿದೆ. ಅಷ್ಟರಲ್ಲಿ ಮುಂದಿನ ಸಾಲಿನಿಂದ ಉಡುಪಿಯ ಹೆಂಗಸೊಬ್ಬರು ಗಾಬರಿಯಿಂದ ಎದ್ದು ನಿಂತು ಗಂಡನ ಕಡೆ ತಿರುಗಿದರು.

“ಕೇಳಿದ್ರಾ? ಮೊನ್ನೆಯಷ್ಟೇ ಅಲ್ ಖೌದ್‌ನಲ್ಲಿ ಫ್ಲಾಟ್ ಹಿಡಿದದ್ದು ನಾವು! ಆ ಬ್ರೋಕರ್ ಇದ್ಯಾವುದನ್ನೂ ಹೇಳ್ಲಿಲ್ಲ ಅಲ್ವಾ!”