ಪೆನ್ಸಿಲ್ ಸಾರ್ ಕಾರು ಬಾಯಿ ಮುಚ್ಚಿದ್ದು

ಆ ಭಾನುವಾರದ ರಾದ್ಧಾಂತಕ್ಕೆಲ್ಲ ಮೂಲ ಒಂದು ಜಿಪ್ಪು.

ಹೆಂಡತಿಯ ಕೈಚೀಲದ ಜಿಪ್ಪು ಅರ್ಧ ದಾರಿಯಲ್ಲಿ ಸಿಕ್ಕಿಕೊಂಡು, ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ಹಟ ಹಿಡಿದಿತ್ತು. ಭೂಮಾಪನ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ನಕ್ಷೆ ಬರೆಯುತ್ತಿದ್ದ, ಬೀದಿಯವರ ಬಾಯಲ್ಲಿ ‘ಪೆನ್ಸಿಲ್ ಸಾರ್’ ಆಗಿಹೋಗಿದ್ದ ನಮ್ಮ ಮಹಾಶಯರು ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಜಿಪ್ಪಿನ ಹಲ್ಲುಗಳ ಮೇಲೆ ನಾಲ್ಕು ಸಲ ಉಜ್ಜಿದರು. ಜಿಪ್ಪು ಸರ್ರನೆ ಜಾರಿತು.

“ಅಯ್ಯೋ! ಅದೇನ್ ಮಾಡಿದ್ರಿ?”

“ಗ್ರಾಫೈಟು ಕಣೇ. ಪೆನ್ಸಿಲ್ ಒಳಗಿನ ಕಪ್ಪು. ಇಸ್ಪೀಟ್ ಎಲೆ ಥರ ಪದರ ಪದರವಾಗಿರುತ್ತೆ, ಒಂದರ ಮೇಲೊಂದು ಜಾರುತ್ತೆ. ಎಂಜಿನ್ ಆಯಿಲ್‌ಗೂ ಹಾಕ್ತಾರಂತೆ.”

“ಹಾಗಾದ್ರೆ ನಿಮ್ಮ ಕಾರಿಗೂ ಒಂದಿಷ್ಟು ಉಜ್ಜಿ. ಸಂಜೆ ಅದರ ವಿಚಾರಣೆ ಇದೆ, ನೆನಪಿದೆ ತಾನೆ?”

ನೆನಪಿಲ್ಲದೆ ಏನು! ಮೂರು ದಿನದಿಂದ ಅವರಿಗೆ ಊಟ ರುಚಿಸುತ್ತಿರಲಿಲ್ಲ. ಅವರ ಕಾರು ಶುರುವಾದರೆ ಖಾಲಿ ಡಬ್ಬಗಳ ಮೂಟೆಯನ್ನು ಮೆಟ್ಟಿಲ ಮೇಲಿಂದ ಉರುಳಿಸಿದ ಹಾಗಾಗುತ್ತಿತ್ತು. ಎದುರು ಮನೆಯ ಕಾರ್ಯದರ್ಶಿಗಳು, ಎಂದರೆ ಬೀದಿಯ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿ, ಸಂಘದ ಮೊಹರು ಒತ್ತಿದ ನೋಟಿಸನ್ನು ಕೈಯಾರೆ ತಂದುಕೊಟ್ಟಿದ್ದರು: ಭಾನುವಾರ ಸಂಜೆ ಐದು ಗಂಟೆಯೊಳಗೆ ಸದ್ದು ಅಡಗದಿದ್ದರೆ ಕಾರನ್ನು ಬೀದಿಯಿಂದ ಹೊರಹಾಕಲಾಗುವುದು.

ಹೆಂಡತಿ ತಮಾಷೆಗೆ ಆಡಿದ ಮಾತು ಪೆನ್ಸಿಲ್ ಸಾರ್ ತಲೆಯೊಳಗೆ ದೀಪ ಹಚ್ಚಿತು. ಅವಳು ಸಾಮಾನು ತರಲು ಹೊರಟದ್ದೇ ತಡ, ಅಟ್ಟದಿಂದ ಬಿಸ್ಕತ್ತಿನ ಡಬ್ಬ ಇಳಿಯಿತು. ಸೇವೆಗೆ ಸೇರಿದ ದಿನದಿಂದ ಅವರು ಎಸೆಯಲು ಮನಸ್ಸು ಬಾರದೆ ಕೂಡಿಟ್ಟಿದ್ದ ಮೋಟು ಪೆನ್ಸಿಲ್‌ಗಳೆಲ್ಲ ಅದರಲ್ಲಿದ್ದವು. ಒಂದೊಂದನ್ನೇ ಸೀಳಿ, ಕಡ್ಡಿ ಬಿಡಿಸಿ, ಗುಡ್ಡೆ ಹಾಕಿದರು. ಎರಡು ಹಿಡಿಯಾಯಿತು. ಅದನ್ನು ಮಿಕ್ಸಿಯ ಜಾರಿಗೆ ಸುರಿದು ಗುಂಡಿ ತಿರುಗಿಸಿದರು.

ಮುಚ್ಚಳ ಒತ್ತಿ ಹಿಡಿಯಬೇಕೆಂಬುದು ಅಡುಗೆಮನೆ ಹೊಕ್ಕವರಿಗೆಲ್ಲ ಗೊತ್ತು. ನಮ್ಮವರು ಹೊಕ್ಕವರಲ್ಲ.

ಮುಚ್ಚಳ ಸೂರಿಗೆ ಬಡಿಯಿತು. ಹಿಂದೆಯೇ ಒಂದು ಕರಿ ಮೋಡ ಎದ್ದು ಅಡುಗೆಮನೆಯನ್ನೆಲ್ಲ ನುಂಗಿ ಕಿಟಕಿಯಿಂದ ಹೊರಗೆ ಹೊರಟಿತು. ಮಹಡಿ ಮನೆಯ ಟೈಲರ್ ಅದನ್ನು ಕಂಡವನೇ ಅಳತೆಪಟ್ಟಿ ಕೊರಳಲ್ಲಿರುವಂತೆಯೇ ಕೂಗಿಕೊಂಡ:

“ಬೆಂಕಿ! ಪೆನ್ಸಿಲ್ ಸಾರ್ ಮನೇಲಿ ಬೆಂಕಿ!”

ಬೆಂಕಿ ಎಂದರೆ ಬೀದಿಗೆ ಎಲ್ಲಿಲ್ಲದ ಹುರುಪು. ಎರಡು ನಿಮಿಷದಲ್ಲಿ ಏಳು ಬಿಂದಿಗೆ ನೀರು ಅಡುಗೆಮನೆಗೆ ಬಿತ್ತು. “ಬೆಂಕಿ ಇಲ್ಲಾ ರೀ!” ಎಂದು ಪೆನ್ಸಿಲ್ ಸಾರ್ ಬಾಯಿ ತೆರೆದಾಗ ಎಂಟನೆಯದು ನೇರ ಬಾಯಿಗೇ ಬಿತ್ತು. ನುಣ್ಣನೆಯ ಟೈಲ್ಸ್ ನೆಲದ ಮೇಲೆ ಕಪ್ಪು ಪುಡಿ ಮತ್ತು ನೀರು ಸೇರಿ ಕಾಡಿಗೆಯಂಥ ಕೆಸರಾಯಿತು.

ಮೊದಲು ಜಾರಿದವನು ಟೈಲರ್. ಅವನನ್ನು ಎತ್ತಲು ಬಂದ ಪಕ್ಕದ ಮನೆಯ ದಾದಿಯಮ್ಮ ಅವನ ಪಕ್ಕದಲ್ಲೇ ಕುಳಿತರು. ಆ ಹೊತ್ತಿಗೆ, “ಏನ್ರೀ ಇದು ಗಲಾಟೆ? ಬೀದಿಗೊಂದು ಶಿಸ್ತು ಬೇಡ್ವಾ?” ಎನ್ನುತ್ತ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಕಾರ್ಯದರ್ಶಿಗಳು ಒಳಗೆ ಕಾಲಿಟ್ಟರು. ಕಾಲು ಇಟ್ಟಲ್ಲಿ ನಿಲ್ಲಲಿಲ್ಲ. ಅವರು ಅಡುಗೆಮನೆ ಹೊಸ್ತಿಲಿನಿಂದ ಕೂತ ಭಂಗಿಯಲ್ಲಿ ಹೊರಟು, ಊಟದ ಮೇಜಿನ ಕೆಳಗೆ ಹಾದು, ನಡುಮನೆಯನ್ನು ಉದ್ದಕ್ಕೂ ದಾಟಿ, ಬಾಗಿಲಾಚೆಯ ಜಗಲಿಯಲ್ಲಿ ಹೂಕುಂಡಕ್ಕೆ ತಾಗಿ ನಿಂತರು.

ಬೇರೆ ಯಾರಾದರೂ ಆಗಿದ್ದರೆ ಹಿತ್ತಲ ಬಾಗಿಲಿಂದ ಪರಾರಿಯಾಗುತ್ತಿದ್ದರು. ಪೆನ್ಸಿಲ್ ಸಾರ್ ಮುಖದಲ್ಲಿ ಮಾತ್ರ, ಕಾಣುತ್ತಿದ್ದ ಎರಡು ಕಣ್ಣುಗಳಷ್ಟರಲ್ಲೇ, ಆನಂದ ಉಕ್ಕಿತು. “ನೋಡಿದ್ರಾ! ಇಪ್ಪತ್ತಾರು ಅಡಿ! ಒಂದ್ ಚೂರೂ ತಡೆ ಇಲ್ಲ! ಇದು ಎಂಜಿನ್ ಒಳಗೆ ಹೋದ್ರೆ ಹ್ಯಾಗಿರುತ್ತೆ ಯೋಚ್ನೆ ಮಾಡಿ ಸಾರ್!”

ಕಾರ್ಯದರ್ಶಿಗಳು ಹೂಕುಂಡ ಹಿಡಿದು ಎದ್ದರು. “ಐದು ಗಂಟೆಗೆ ನಿಮಗೆ ಇದೆ,” ಎಂದಷ್ಟೇ ಹೇಳಿ ಕಪ್ಪು ಬೆನ್ನು ತೋರಿಸಿ ಹೋದರು.

ಸಾಮಾನು ಹೊತ್ತು ಮರಳಿದ ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು. ಗಂಡನ ಕೈಗೆ ಒರೆಸುವ ಬಟ್ಟೆ ಕೊಟ್ಟಳು. ಅದು ಬೈಗುಳಕ್ಕಿಂತ ಕಠಿಣವಾಗಿತ್ತು.

ನೆಲ ಒರೆಸಿ, ಜಾರಿನಲ್ಲಿ ಉಳಿದಿದ್ದ ಪುಡಿಯನ್ನು ಕಾಗದದಲ್ಲಿ ಕಟ್ಟಿಕೊಂಡು ಅವರು ಕಾರಿನಲ್ಲೇ ಮೂಲೆಯ ಮೆಕ್ಯಾನಿಕ್ ಬಳಿ ಹೋದರು. ಮೆಕ್ಯಾನಿಕ್ ಪೊಟ್ಟಣ ಬಿಚ್ಚಿ, ಚಿಟಿಕೆ ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿದ.

“ಸಾರ್, ಐಡಿಯಾ ಸರಿ ಇದೆ, ಸಾಮಾನು ತಪ್ಪು. ಪೆನ್ಸಿಲ್ ಕಡ್ಡೀಲಿ ಅರ್ಧ ಜೇಡಿಮಣ್ಣು. ಇದನ್ನ ಹಾಕಿದ್ರೆ ಎಂಜಿನ್‌ನ ಒಳಗಿಂದ ಉಪ್ಪುಕಾಗದದಲ್ಲಿ ಉಜ್ಜಿದ ಹಾಗೆ. ಸಂಜೆ ಸಭೆ ಬೇಕಿಲ್ಲ, ಕಾರು ತಾನೇ ಹೋಗಿಬಿಡುತ್ತೆ.”

ಪೆನ್ಸಿಲ್ ಸಾರ್ ಮುಖ ಇಳಿಯಿತು. ಅದನ್ನು ನೋಡಲಾರದೆ ಮೆಕ್ಯಾನಿಕ್ ಕಪಾಟಿನ ಹಿಂದೆ ಕೈ ಹಾಕಿ ಒಂದು ಚಿಕ್ಕ ತಗಡಿನ ಡಬ್ಬ ತೆಗೆದ. “ಇದು ಅಸಲಿ. ಶುದ್ಧ ಗ್ರಾಫೈಟು, ಕಣ್ಣಿಗೆ ಕಾಣದಷ್ಟು ಸಣ್ಣಗೆ ಮಾಡಿ ಎಣ್ಣೇಲೇ ಕದಡಿರೋದು. ಎಣ್ಣೆ ತೆಳ್ಳಗಾಗಿ ಲೋಹಕ್ಕೆ ಲೋಹ ತಾಗಿದ್ರೂ ಮಧ್ಯೆ ಇದು ಹೊದಿಕೆ ಥರ ಕೂತಿರುತ್ತೆ. ಹಳೇ ಆಯಿಲ್ ಇಳಿಸಿ ಹೊಸದರ ಜೊತೆ ಹಾಕೋಣ.”

ಕಾರಿನಿಂದ ಇಳಿದ ಹಳೆ ಎಣ್ಣೆಯನ್ನು ಎಣ್ಣೆ ಎನ್ನಲು ಮೆಕ್ಯಾನಿಕ್‌ಗೂ ನಾಲಿಗೆ ಏಳಲಿಲ್ಲ. ಹೊಸ ಎಣ್ಣೆ, ಅದರ ಹಿಂದೆ ಡಬ್ಬದ ಕಪ್ಪು ದ್ರವ ಗುಳುಗುಳು ಒಳಗಿಳಿಯಿತು. ಕೀಲಿ ತಿರುಗಿಸಿದಾಗ ಹಳೆಯ ರಾಗವೇ. ಪೆನ್ಸಿಲ್ ಸಾರ್ ಕಣ್ಣು ಮುಚ್ಚಿದರು. “ಸ್ವಲ್ಪ ತಾಳಿ ಸಾರ್, ಅದು ಒಳಗೆಲ್ಲ ಹರಡ್ಬೇಕು,” ಎಂದ ಮೆಕ್ಯಾನಿಕ್. ಹತ್ತು ನಿಮಿಷಕ್ಕೆ ಡಬ್ಬಗಳ ಮೂಟೆ ಚಮಚಗಳ ಕಟ್ಟಾಯಿತು. ಇಪ್ಪತ್ತು ನಿಮಿಷಕ್ಕೆ ದೂರದ ಹೊಲಿಗೆ ಯಂತ್ರವಾಯಿತು. ಆಮೇಲೆ ಏನೂ ಕೇಳಿಸಲಿಲ್ಲ. ನಿಂತುಹೋಯಿತೆಂದು ಮೆಕ್ಯಾನಿಕ್ ಮತ್ತೆ ಕೀಲಿ ತಿರುಗಿಸಿದ. ಓಡುತ್ತಿದ್ದ ಎಂಜಿನ್ ಕಿರ್ರನೆ ಕಿರುಚಿ ಬೈದು ಮತ್ತೆ ಸುಮ್ಮನಾಯಿತು.

ಆಮೇಲಿನದು ವಿಜಯಯಾತ್ರೆ. ಮನೆಯ ಮುಂದೆ ಕಾರು ನಿಂತಾಗ ಯಾರೂ ತಲೆ ಎತ್ತಲಿಲ್ಲ. ಪೆನ್ಸಿಲ್ ಸಾರ್ ಹಾರ್ನ್ ಹೊಡೆದು ಕರೆಯಬೇಕಾಯಿತು. ಪಕ್ಕದೂರಿನಿಂದ ಮಗಳನ್ನು ನೋಡಲು ಆಗತಾನೇ ಬಂದಿಳಿದಿದ್ದ ಮಾವನವರೂ ಹೊರಗೆ ಬಂದರು. ಆರು ವರ್ಷದ ಹಿಂದೆ, “ನನಗೆ ವಯಸ್ಸಾಯ್ತು, ನೀವೇ ಇಟ್ಕೊಳ್ಳಿ ಅಳಿಯಂದ್ರೇ,” ಎಂದು ಈ ಕಾರನ್ನು ದೊಡ್ಡ ಮನಸ್ಸಿನಿಂದ ಕೊಟ್ಟವರು ಅವರೇ. ಕೊಟ್ಟ ಮೇಲೆ ಒಮ್ಮೆಯೂ ಅದರಲ್ಲಿ ಕೂತಿರಲಿಲ್ಲ.

“ಬನ್ನಿ ಮಾವ, ಕೂತ್ಕೊಳ್ಳಿ,” ಎಂದರು ಅಳಿಯ, ರಥಕ್ಕೆ ಹತ್ತಿಸುವ ಠೀವಿಯಲ್ಲಿ. ಹೆಂಡತಿ, ಟೈಲರ್, ದಾದಿಯಮ್ಮ ಹಿಂದೆ ತೂರಿಕೊಂಡರು. ನೀರಿನ ಟ್ಯಾಂಕಿನ ಏರಿನಲ್ಲಿ ಯಾವಾಗಲೂ ಹೆಂಡತಿ ಇಳಿದು ತಳ್ಳಬೇಕಿತ್ತು. ಇಂದು ಐದು ಜನರನ್ನು ಹೊತ್ತ ಕಾರು ಮೂರನೇ ಗೇರಿನಲ್ಲೇ ಬೆಣ್ಣೆಯ ಮೇಲೆ ಬೆರಳಾಡಿಸಿದಂತೆ ಏರಿಬಿಟ್ಟಿತು. ತುದಿ ಮುಟ್ಟಿದಾಗ ಟೈಲರ್ ಕೇಕೆ ಹಾಕಿದ. ಹೆಂಡತಿ ಬೆಳಗಿನಿಂದ ಮೊದಲ ಸಲ ನಕ್ಕಳು.

“ರೀ, ನಿಮಗೂ ಒಂದು ಕೆಲಸ ಮಾಡೋಕೆ ಬಂತಲ್ಲ!”

ಇಪ್ಪತ್ತೆರಡು ವರ್ಷದಲ್ಲಿ ಅವರಿಗೆ ಸಿಕ್ಕ ಅತಿ ದೊಡ್ಡ ಬಡ್ತಿ ಅದು. ಮಾವನವರು ಮಾತ್ರ ಬಾಗಿಲಿಗೆ ಕಿವಿ ಕೊಟ್ಟು, ಸೀಟನ್ನು ಅಂಗೈಯಿಂದ ಸವರುತ್ತ ಕುಳಿತಿದ್ದರು.

ಸರಿಯಾಗಿ ಐದಕ್ಕೆ ಕಾರ್ಯದರ್ಶಿಗಳು ಬೇರೆ ಅಂಗಿ ತೊಟ್ಟು, ಸಂಘದ ಕೋಣೆಯ ಕಿಟಕಿ ಕೆಳಗೆ ನಿಂತಿದ್ದ ಕಾರಿನ ಬಾನೆಟ್ ಮೇಲೆ ಕಿವಿಯಿಟ್ಟರು.

“ಶುರು ಮಾಡಿ.”

“ಆಗಿದೆ ಸಾರ್.”

“ಶುರು ಮಾಡಿ ಅಂದೆ!”

“ಸಾರ್, ಆಗಲೇ ಓಡ್ತಾ ಇದೆ.”

ಕಾರ್ಯದರ್ಶಿಗಳು ಹಿಂದೆ ಹೋಗಿ ಹೊಗೆಕೊಳವೆಗೆ ಅಂಗೈ ಹಿಡಿದರು. ಬೆಚ್ಚಗಿನ ಗಾಳಿ ತಾಗಿತು. ಆಮೇಲೆ ಜೇಬಿನಿಂದ ನೋಟಿಸಿನ ಪ್ರತಿ ತೆಗೆದು ಎಲ್ಲರ ಮುಂದೆ ಹರಿದರು.

ದಂಡಿಸಲು ಕರೆದ ಸಭೆ ಮೆಚ್ಚುಗೆಯ ಸಭೆಯಾಯಿತು. ಸಂಘದ ಕೋಣೆಯಲ್ಲಿ ನಲವತ್ತು ಜನ ಸೇರಿದ್ದರು. ಮಾವನವರು “ಸ್ವಲ್ಪ ಅಡ್ಡಾಗ್ತೀನಿ” ಎಂದು ಮನೆಯಲ್ಲೇ ಉಳಿದಿದ್ದರು. ಪೆನ್ಸಿಲ್ ಸಾರ್ ಮುಕ್ಕಾಲು ಗಂಟೆ ಗ್ರಾಫೈಟಿನ ಪದರಗಳ ಬಗ್ಗೆ ಮಾತಾಡಿದರು. ಬೋರ್ಡಿನ ಮೇಲೆ ನಕ್ಷೆಯನ್ನೂ ಬರೆದರು. ಕಚೇರಿಯಲ್ಲಿ ಅವರ ಮಾತನ್ನು ಪೂರ್ತಿ ಕೇಳಿದವರೇ ಇರಲಿಲ್ಲ. ಇಲ್ಲಿ ನಲವತ್ತು ಜನ ಚಪ್ಪಾಳೆ ತಟ್ಟಿದರು. ಕಾರ್ಯದರ್ಶಿಗಳಂತೂ, “ಇಂಥ ನಿಶ್ಶಬ್ದ ಈ ಬೀದಿಗೆ ಮೂವತ್ತು ವರ್ಷದಲ್ಲಿ ಸಿಕ್ಕಿರಲಿಲ್ಲ,” ಎಂದು ಗದ್ಗದಿತರಾದರು.

ಎದೆಯುಬ್ಬಿಸಿ ಪೆನ್ಸಿಲ್ ಸಾರ್ ಹೊರಗೆ ಬಂದರು. ಕಾರು ಇರಲಿಲ್ಲ.

ನಿಂತಿದ್ದ ಜಾಗದಲ್ಲಿ ಒಂದು ಹನಿ ಎಣ್ಣೆ ಮಾತ್ರ ಇತ್ತು. “ಕಳ್ಳತನ!” ಎಂದು ಟೈಲರ್ ಕೂಗಿದ. ಕಾರ್ಯದರ್ಶಿಗಳು ಜನರತ್ತ ತಿರುಗಿದರು. “ಈ ಕಿಟಕಿ ಕೆಳಗೇ ನಿಂತಿತ್ತು. ಹೋದದ್ದು ಯಾರಿಗಾದ್ರೂ ಕೇಳಿಸ್ತಾ?”

“ಇಲ್ಲ!” ಎಂದರು ನಲವತ್ತು ಜನ ಒಂದೇ ಉಸಿರಿನಲ್ಲಿ. ಹೇಳಿದ ಮೇಲೆ ಅದರ ಅರ್ಥ ಹೊಳೆದು, ತಡೆಯಲಾರದೆ ಮತ್ತೊಮ್ಮೆ ಜೋರಾಗಿ ಚಪ್ಪಾಳೆ ತಟ್ಟಿದರು.

ಆಗ ಹೆಂಡತಿಯ ಫೋನು ರಿಂಗಣಿಸಿತು. ಅವಳು ಕೇಳಿಸಿಕೊಂಡು, ತುಟಿ ಕಚ್ಚಿ, ಗಂಡನ ಕೈಗೆ ಕೊಟ್ಟಳು. “ಅಪ್ಪ.”

“ಅಳಿಯಂದ್ರೇ, ಊರು ಸೇರಿದೆ!” ಮಾವನವರ ದನಿ ಹತ್ತು ವರ್ಷ ಎಳೆಯದಾಗಿತ್ತು. “ಏನು ಗಾಡಿ ರೀ! ಕೀಲಿ ಅದರಲ್ಲೇ ಇತ್ತು, ನಿಮ್ಮ ಭಾಷಣದ ಮಧ್ಯೆ ಕಿಟಕಿ ಪಕ್ಕದಿಂದಲೇ ಹೊರಟೆ, ಒಬ್ರೂ ತಿರುಗಿ ನೋಡ್ಲಿಲ್ಲ. ನನಗೆ ವಯಸ್ಸಾಯ್ತು ಅಂದಿದ್ದೆ ನೋಡಿ, ಅದು ಆ ಸದ್ದಿಗೆ. ಈಗ ಏನೂ ವಯಸ್ಸಾಗಿಲ್ಲ. ಇನ್ನು ನಾನೇ ಇಟ್ಕೋತೀನಿ.”

ಪೆನ್ಸಿಲ್ ಸಾರ್ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು. ಸುತ್ತ ಚಪ್ಪಾಳೆ ಇನ್ನೂ ನಿಂತಿರಲಿಲ್ಲ.

“ಹಾಂ, ಇನ್ನೊಂದು,” ಎಂದರು ಮಾವ. “ಆಯಿಲ್ ಬದಲಾಯಿಸೋವಾಗ ಆ ಕಪ್ಪು ಮದ್ದು ನೀವೇ ತಂದು ಹಾಕ್ಬೇಕು. ಬೇರೆಯವರ ಮೇಲೆ ನನಗೆ ನಂಬಿಕೆ ಇಲ್ಲ.”

“ಆಗಲಿ ಮಾವ. ಆದ್ರೆ ಅಷ್ಟು ದೂರ ಬರೋದು ಹ್ಯಾಗೆ?”

“ಬಸ್ಸಿದೆಯಲ್ಲ,” ಎಂದರು ಮಾವನವರು. “ಸ್ವಲ್ಪ ಗಡಗಡ ಅನ್ನುತ್ತೆ, ಸಹಿಸ್ಕೊಳ್ಳಿ.”