ಹೆಸರಿಡಾಕಿ

ನಮ್ಮ ನಾದಿನಿ ಬರುತ್ತಾಳೆಂದು ಫೋನು ಬಂದರೆ ನಾನು ಮೊದಲು ಮಾಡುವ ಕೆಲಸ, ಮನೆಗೆ ಹೊಸದಾಗಿ ತಂದ ಸಾಮಾನು ಬಚ್ಚಿಡುವುದು! ಒಯ್ದುಬಿಡುತ್ತಾಳೆಂದು ತಿಳಿಯಬೇಡಿ. ಪಾಪ, ನಮ್ಮ ಮನೆಯ ಒಂದು ಚಮಚೆಯನ್ನೂ ಅವಳು ಒಯ್ದವಳಲ್ಲ. ಅವಳು ಅದಕ್ಕೆ ಹೆಸರಿಟ್ಟುಬಿಡುತ್ತಾಳೆ! ನಮ್ಮ ಕಡೆ ‘ಹೆಸರಿಡುವುದು’ ಅಂದರೆ ಕುಂದು ತೆಗೆಯುವುದು ಎಂದೂ ಅರ್ಥವುಂಟು. ಆ ತರಹದ ನಾದಿನಿಯರು ಊರ ತುಂಬ ಇದ್ದಾರೆ, ಅವರ ಬಗ್ಗೆ ಬರೆಯುವ ಧೈರ್ಯ ನನಗಿಲ್ಲ. ನಮ್ಮವಳು ಇಡುವುದು ಖರೇ ಹೆಸರು. ಕುಂಕುಮ ಹಚ್ಚಿ, ಕಿವಿಯಲ್ಲಿ ಊದಿ, ಗುಗ್ಗರಿ ಹಂಚಿ ಇಡುವ ಹೆಸರು!

ಹುಬ್ಬಳ್ಳಿಯ ಕೇಶ್ವಾಪುರದ ನಮ್ಮ ಮನೆಯಲ್ಲಿ ಈಗ ವಾಷಿಂಗ್ ಮಶೀನಿನ ಹೆಸರು ಗಿರಿಜಾ. (“ಗಿರಗಿರ ತಿರಗತಾಳಲ್ರಿ ವೈನಿ!”) ಮಿಕ್ಸರು ರುದ್ರವ್ವ. ನೀರಿನ ಮೋಟರು ಗಂಗಪ್ಪ. ನನ್ನ ಸ್ಕೂಟರು ಬಸಣ್ಣ. ಎಷ್ಟು ಒದ್ದರೂ ತನ್ನ ಮನಸ್ಸಿಗೆ ಬಂದಾಗಲೇ ಏಳುತ್ತದೆ. ಫ್ರಿಜ್ಜು ಶಾಂತವ್ವ. ಇವರೆಲ್ಲರ ನಡುವೆ ನಾನೂ ಒಬ್ಬಳು ಇದ್ದೇನೆ.

ನಾನು ಕಾನ್ವೆಂಟಿನಲ್ಲಿ ಕಲಿತವಳು. ನೀರಿನ ಬಾಟಲಿ, ಛತ್ರಿ, ಕರವಸ್ತ್ರ, ಎಲ್ಲಕ್ಕೂ ನಮ್ಮ ಹೆಸರಿನ ಚೀಟಿ ಅಂಟಿಸಲು ಸಿಸ್ಟರ್‌ಗಳು ಕಲಿಸಿದ್ದರು. ಛತ್ರಿಗೇ ಸ್ವಂತದ ಹೆಸರೊಂದು ಇರಬಹುದೆಂದು ಯಾರೂ ಹೇಳಿರಲಿಲ್ಲ. ಮೆಲ್ಲಗೆ ಮಾತಾಡು, ಬಾಗಿಲು ಸಪ್ಪಳವಿಲ್ಲದೆ ಹಾಕು, ದೊಡ್ಡವರಿಗೆ ಎದುರಾಡಬೇಡ. ಇಷ್ಟು ಕಲಿತು ಈ ಮನೆಗೆ ಸೊಸೆಯಾಗಿ ಬಂದೆ. ಬಾಗಿಲಲ್ಲೇ ಸಿಕ್ಕಳು ಇವಳು!

ಮದುಮಗಳು ಹೊಸ್ತಿಲು ದಾಟುವ ಮೊದಲು ವರನ ತಂಗಿ ಬಾಗಿಲು ಹಿಡಿಯುವ ಪದ್ಧತಿ ನಿಮಗೆ ಗೊತ್ತೇ ಇದೆ. ‘ನಿಮ್ಮ ಮಗಳನ್ನ ನನ್ನ ಮಗಗ ಕೊಡತೀರೇನು?’ ಎಂದು ಅವಳು ಕೇಳಬೇಕು, ನಾವು ನಾಚಿ ಹೂಂ ಅನ್ನಬೇಕು. ಇವಳು ಎರಡೂ ಕೈ ಚಾಚಿ ಚೌಕಟ್ಟು ತುಂಬಿ ನಿಂತಳು.

“ವೈನಿ, ನಿಮ್ಮ ಮಗಳು ಯಾರ ಮನಿಗರ ಹೋಗಲಿ. ನಿಮ್ಮ ಮೊದಲನೇ ಕೂಸಿಗೆ ಹೆಸರು ಮಾತ್ರ ನಾನ ಇಡಾಕಿ. ನಾ ಏನ ಇಟ್ರೂ ಯಾರೂ ಪಿಟ್ ಅನ್ನೂಹಂಗಿಲ್ಲ. ಕಬೂಲ್?”

ಗಾಬರಿಯಲ್ಲಿ ನನ್ನ ಬಾಯಿಂದ ಬಂದದ್ದು, “ಯೆಸ್ ಮಿಸ್!”

ವಯಸ್ಸಿನಲ್ಲಿ ಅವಳು ನನಗಿಂತ ಒಂದು ವರ್ಷ ದೊಡ್ಡವಳು, ಸಂಬಂಧದಲ್ಲಿ ಸಣ್ಣವಳು. ಹಾಗಾಗಿ ಅವಳು ನನಗೆ ‘ವೈನಿ’, ಅಂದರೆ ಅತ್ತಿಗೆ, ಅನ್ನುತ್ತಾಳೆ, ನಾನು ಅವಳಿಗೆ ‘ಅಕ್ಕಾರ’ ಅನ್ನುತ್ತೇನೆ. ಇಬ್ಬರೂ ಒಬ್ಬರಿಗೊಬ್ಬರು ದೊಡ್ಡವರು! ಈ ‘ಅವಳು’ ಎಂಬ ಏಕವಚನ ಬರವಣಿಗೆಯಲ್ಲಷ್ಟೇ. ಎದುರಿಗೆ ಅನ್ನಲು ನನಗೆ ಇನ್ನೊಂದು ಜನ್ಮ ಬೇಕು.

ಕೂಸಿನ ಹೆಸರು ಅಂದೇ ತಯಾರಿತ್ತಂತೆ. ಏನೆಂದು ಮಾತ್ರ ಯಾರಿಗೂ ಬಾಯಿ ಬಿಡಲಿಲ್ಲ. ಆದರೆ ಕೂಸು ಬರಲಿಲ್ಲ. ಒಂದು ವರ್ಷ, ಮೂರು ವರ್ಷ, ಐದು ವರ್ಷ. ಮನೆಗೆ ಬಂದ ಹೆಂಗಸರು ನನ್ನ ಹೊಟ್ಟೆಯ ಕಡೆ ಒಮ್ಮೆ ನೋಡಿಯೇ ಚಹಾದ ಕಪ್ಪು ಎತ್ತುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಕೇಳುವ ಹಕ್ಕಿದ್ದವಳು ಇವಳು. ಒಮ್ಮೆಯೂ ಕೇಳಲಿಲ್ಲ.

ಅಂಥದ್ದರಲ್ಲಿ ಹೊಸ ಫ್ರಿಜ್ಜು ಬಂತು. ಇವಳು ಗಂಡನ ಮನೆಯಿರುವ ಕೆಲಗೇರಿಯಿಂದ ಬಂದಳು, ಅದರ ಸುತ್ತ ಒಂದು ಸುತ್ತು ಹಾಕಿದಳು, ನನ್ನ ಮುಖ ನೋಡಿದಳು.

“ವೈನಿ, ಗುಗ್ಗರಿಗೆ ಕಡ್ಲಿ ನೆನಿ ಹಾಕ್ರಿ!”

ತೊಟ್ಟಿಲ ಶಾಸ್ತ್ರದಲ್ಲಿ ಸೋದರತ್ತೆಯಾದವಳು ಬಗ್ಗಿ, ಕೂಸಿನ ಕಿವಿಯಲ್ಲಿ ‘ಕುರ್‌ರ್’ ಎಂದು ಊದಿ ಹೆಸರು ಹೇಳುತ್ತಾಳೆ. ಅದೇ ಹೊತ್ತಿಗೆ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಯಾಕೆ ಗುದ್ದಬೇಕು? ಅದು ಯಾರಿಗೂ ಗೊತ್ತಿಲ್ಲ, ಆದರೆ ಗುದ್ದಲು ಯಾರೂ ಮರೆಯುವುದಿಲ್ಲ! ಫ್ರಿಜ್ಜಿಗೂ ಅದೇ ಶಾಸ್ತ್ರ ಎಂದು ಇವಳ ಹಟ.

“ಅಲ್ಲವಾ, ಫ್ರಿಜ್ಜಿಗೆ ಕಿವಿ ಎಲ್ಲೈತಿ?” ಎಂದರು ನಮ್ಮ ಅತ್ತೆ.

“ಮುಂದ ಅಷ್ಟ ದೊಡ್ಡ ಬಾಯಿ ಐತಿ ಅಂದಮ್ಯಾಲ ಬಾಜೂಕ ಕಿವಿ ಇರಾಕ ಬೇಕಲ್ಲಬೇ!”

ಫ್ರಿಜ್ಜಿನ ಬದಿಗೆ ಬಾಯಿಟ್ಟು ‘ಕುರ್‌ರ್, ಶಾಂತವ್ವ’ ಎಂದಳು. ಎದುರು ಮನೆಯ ಖಾಲಾ ಗುದ್ದಿದರು ನೋಡಿ! ಅವರ ಯಜಮಾನರದು ಗ್ಯಾರೇಜು. ಬೇಕಾದಾಗ ಟೈರು ಎತ್ತಿಡುವ ಕೈ ಅದು. ನಾದಿನಿ ಎರಡು ಹೆಜ್ಜೆ ಮುಂದೆ ಹೋಗಿ ಫ್ರಿಜ್ಜನ್ನು ಅಪ್ಪಿಕೊಂಡಳು.

“ಖಾಲಾ, ಇಷ್ಟ ಜೋರು ಏನ್ರಿ!”

“ಹೆಸರು ಗಟ್ಟಿ ಕುಂದ್ರಬೇಕಲ್ಲಾ ಬೇಟಿ!”

ಸಂಜೆ ನಮ್ಮ ಮನೆಯಿಂದ ಓಣಿಯ ಮನೆಮನೆಗೆ ಗುಗ್ಗರಿ ಹೋಯಿತು. ಅಲ್ಲಿಯ ತನಕ ನಮ್ಮ ಮನೆಗೆ ಗುಗ್ಗರಿ ಬರುತ್ತಿತ್ತು ಅಷ್ಟೇ. ಖಾಲಿ ಬಟ್ಟಲು ತಿರುಗಿ ಕೊಡಲು ಬಂದವರೆಲ್ಲ ನೇರ ಅಡಿಗೆಮನೆಗೆ ಹೋಗಿ ಶಾಂತವ್ವನನ್ನು ನೋಡಿ, ನಕ್ಕು, ಹೋದರು. ನನ್ನ ಹೊಟ್ಟೆಯ ನೆನಪೇ ಯಾರಿಗೂ ಆಗಲಿಲ್ಲ! ಇದನ್ನು ಅವಳು ಬೇಕೆಂದೇ ಮಾಡಿದಳೋ, ತಾನಾಗಿ ಆಯಿತೋ, ಇವತ್ತಿಗೂ ನನಗೆ ತಿಳಿದಿಲ್ಲ. ತಿಳಿಯದಂತೆ ಮಾಡುವುದೂ ಒಂದು ವಿದ್ಯೆಯೇ ಅಲ್ಲವೇ?

ಅಲ್ಲಿಂದ ಶುರುವಾಯಿತು. ಹೆಸರಿನ ಉಪದ್ವ್ಯಾಪಗಳೂ ಶುರುವಾದವು. ಒಮ್ಮೆ ಫ್ರಿಜ್ಜು ಕೆಟ್ಟಾಗ ರಿಪೇರಿಯವನಿಗೆ ಇವಳೇ ಫೋನು ಹಚ್ಚಿದಳು. ಸ್ಪೀಕರ್ ಹಾಕಿದ್ದಳಾದ್ದರಿಂದ ನಾನು ಪೂರ್ತಿ ಕೇಳಿದೆ.

“ಲಗೂ ಬರ್ರಿ. ನಮ್ಮ ಶಾಂತವ್ವ ಮುಂಜಾನಿಂದ ಗಡಗಡ ನಡಗಾಕತ್ತಾಳ. ಮೈ ಕೆಂಡ ಆಗೈತಿ.”

“ಬಾಯಾರ, ಮೊದಲ ದವಾಖಾನಿಗೆ ಕರಕೊಂಡ ಹೋಗ್ರಿ! ವಯಸ್ಸೆಷ್ಟ್ರಿ?”

“ಆರು ವರ್ಷ.”

“ಅಯ್ಯಯ್ಯ, ಸಣ್ಣ ಕೂಸರಿ!”

“ಕೂಸಾದ್ರ ಏನ್ ಬಂತರಿ, ಗ್ಯಾರಂಟಿ ಮುಗದೈತಿ!”

ಆಮೇಲೆ ಅವನು ಬಂದ. ಆದರೆ ಸ್ಕ್ರೂಡ್ರೈವರ್ ಹಿಡಿದು ಅಡಿಗೆಮನೆಗೆ ಹೋಗುವ ಮೊದಲು ಮನೆಯಲ್ಲಿ ಮಕ್ಕಳು ಯಾರೂ ಮಲಗಿಲ್ಲವಲ್ಲ ಎಂದು ಎಲ್ಲ ಕೋಣೆ ಇಣುಕಿ ನೋಡಿದ!

ಇನ್ನು ಗಂಗಪ್ಪ. ಹುಬ್ಬಳ್ಳಿಯಲ್ಲಿ ನಲ್ಲಿಗೆ ನೀರು ಬರುವ ದಿನವೆಂದರೆ ಸಣ್ಣ ಹಬ್ಬ. ಅಂಥ ದಿನವೇ ಮೋಟರು ಸುಮ್ಮನೆ ಕೂತಿತು. ನಮ್ಮವರು ವಾಯರು ಬಿಚ್ಚಿದರು, ಕಟ್ಟಿದರು, ಬೆವರಿದರು. ಇವಳು ಸೆರಗು ಸಿಗಿಸಿ ಬಂದು ಅದರೆದುರು ಕುಕ್ಕರಗಾಲಲ್ಲಿ ಕೂತಳು. “ಯಾಕೋ ಗಂಗಪ್ಪ? ಓಣಿ ಮಂದಿ ಎಲ್ಲಾ ನೀರ ತುಂಬಾಕತ್ತಾರ, ನಿನಗ ನಾಚಿಕಿ ಬರೂದಿಲ್ಲೇನು? ಏಳು ನನ್ನಪ್ಪ!” ಎಂದು ಒಂದು ಏಟು ಹಾಕಿದಳು. ಎದ್ದ! ನಮ್ಮವರು, “ವಾಯರು ಲೂಸ್ ಇತ್ತು, ಅಷ್ಟ” ಎಂದರು. ಇರಬಹುದು. ಎರಡು ತಾಸು ಅವರ ಕೈಯಲ್ಲಿ ಲೂಸಾಗೇ ಇದ್ದ ವಾಯರು ಇವಳ ಕೈಗೆ ಹೇಗೆ ಬಿಗಿಯಾಯಿತು? ನಾನು ಬಾಯಿ ತೆರೆದು ನೋಡುತ್ತ ನಿಂತಿದ್ದೆ.

ಹೋದ ವರ್ಷ ನಮ್ಮ ಮನೆಗೆ ಮಗಳು ಬಂದಳು.

ಕಾಗದಪತ್ರ ಎಲ್ಲ ಮುಗಿಸಿ, ಮಕ್ಕಳ ಆಶ್ರಮವೊಂದರಿಂದ ದತ್ತು ತಂದೆವು. ಆರು ವರ್ಷದವಳು. ಮುಂದಿನ ಎರಡು ಹಲ್ಲಿಲ್ಲ. ಹೆಸರು ಕಲ್ಲವ್ವ. ಕಾರಿನಲ್ಲಿ ಅರ್ಧ ದಾರಿ ಸುಮ್ಮನೆ ಕೂತಿದ್ದವಳು ನನ್ನ ಸೆರಗಿನ ಅಂಚು ಹಿಡಿದು ಕೇಳಿದಳು, “ನನ್ನ ಹೆಸರು ತಗೀತೀರೇನ್ರಿ?”

“ಯಾಕ ಪುಟ್ಟಿ?”

“ನಮ್ಮ ಕೂಡ ಒಬ್ಬಾಕಿ ಇದ್ಲು. ಆಕೀನ ಕರಕೊಂಡ ಹೋದವರು ಆಕಿ ಹೆಸರು ತಗದ್ರಂತ. ಈಗ ಆಕಿ ಬ್ಯಾರೇನ ಆಗ್ಯಾಳಂತ.”

ಹನ್ನೆರಡು ವರ್ಷದ ಹಿಂದೆ ಬಾಗಿಲಲ್ಲಿ ನಿಂತು ‘ಯೆಸ್ ಮಿಸ್’ ಅಂದವಳು ನಾನು. “ನೋಡೋಣ ಪುಟ್ಟಿ” ಎಂದುಬಿಟ್ಟೆ. ಅವಳು ಸೆರಗು ಬಿಟ್ಟು ಕಿಟಕಿಯ ಕಡೆ ಹೊರಳಿದಳು.

ಮನೆಗೆ ಬಂದರೆ ಅತ್ತೆಯ ತಕರಾರು ಬೇರೆ. “ಕಲ್ಲವ್ವ ಅಂದ್ರ ನಮ್ಮ ಅತ್ತೀ ಹೆಸರು! ಅವರ ಮುಂದ ಮೂವತ್ತು ವರ್ಷ ತಲಿ ಎತ್ತಿಲ್ಲ ನಾನು. ಅವರ ಹೆಸರು ಹಿಡದು ‘ಏ ಕಲ್ಲಿ, ಉಣ್ಣಾಕ ಬಾ’ ಅಂತ ಹೆಂಗ ಕರೀಲಿ? ನನ್ನ ನಾಲಿಗಿ ಹೊಳ್ಳೂದಿಲ್ಲವಾ!” ಅಷ್ಟರಲ್ಲಿ ಕೆಲಗೇರಿಯಿಂದ ಫೋನು. “ವೈನಿ! ಹನ್ನೆರಡು ವರ್ಷದಿಂದ ಹೆಸರು ತಯಾರೈತಿ! ಐತವಾರ ಬರತೇನಿ, ಕಡ್ಲಿ ನೆನಿ ಹಾಕ್ರಿ!” “ಹೂಂ ಅಕ್ಕಾರ” ಎಂದೆ.

ಮರುದಿನ ಕಪಾಟಿನ ಬದಿ ಗುಡಿಸುವಾಗ ನೋಡಿದೆ. ಗೋಡೆಯ ಮೇಲೆ, ನೆಲಕ್ಕೆ ಸಮೀಪ, ಪೆನ್ಸಿಲಿನಲ್ಲಿ ‘ಕಲ್ಲವ್ವ’. ಒಂದರ ಕೆಳಗೆ ಒಂದರಂತೆ ಐದು ಸಲ. ಮರೆತುಹೋಗಬಾರದೆಂದು ಬರೆದಿಟ್ಟ ಹಾಗೆ.

ಆ ವಾರವಿಡೀ ನಾನು ಮಿಕ್ಸರಿನ ಗದ್ದಲದಲ್ಲಿ ಒಂದೇ ಮಾತು ಅಭ್ಯಾಸ ಮಾಡಿದೆ: ‘ಅಕ್ಕಾರ, ಈ ಹೆಸರು ಇರಲ್ರಿ.’ ಬಟನ್ ಬಂದ್ ಮಾಡಿದರೆ ನನ್ನ ದನಿಯೂ ಬಂದ್!

ಐತವಾರ ಅವಳು ಮುಂಜಾನೆಯೇ ಬಂದಳು. ತೊಟ್ಟಿಲಲ್ಲಿ ಆರು ವರ್ಷದವಳ ಕಾಲು ಹಿಡಿಸುವುದಿಲ್ಲವೆಂದು ಹಗ್ಗ, ಮಣೆ ತಂದು ಹಾಲ್‌ನ ಕೊಂಡಿಗೆ ಜೋಕಾಲಿ ಕಟ್ಟಿಸಿದಳು. ಹುಡುಗಿಯನ್ನು ಹಿತ್ತಿಲ ಕಟ್ಟೆಯ ಮೇಲೆ ಕೂಡಿಸಿಕೊಂಡು ತಲೆ ಹಿಕ್ಕತೊಡಗಿದಳು. ಎರಡು ಜಡೆಗೆ ಎಷ್ಟು ಹೊತ್ತು ಬೇಕು? ಗುಗ್ಗರಿ ಬೆಂದು, ಒಗ್ಗರಣೆ ಬಿದ್ದರೂ ಅವರು ಏಳಲಿಲ್ಲ. ಅಡಿಗೆಮನೆಯಿಂದ ನಾನು ಎರಡು ಸಲ ಬಾಗಿಲ ತನಕ ಹೋದೆ. ಎರಡು ಸಲವೂ ಸೌಟು ಹಿಡಿದುಕೊಂಡೇ ತಿರುಗಿ ಬಂದೆ.

ಓಣಿಯ ಹೆಂಗಸರು ಸೇರಿದರು. ಹುಡುಗಿ ಜೋಕಾಲಿಯಲ್ಲಿ ಕೂತಳು, ಎರಡೂ ಕೈಯಲ್ಲಿ ಹಗ್ಗ ಬಿಗಿಯಾಗಿ ಹಿಡಿದು. ಖಾಲಾ ತೋಳು ಮಡಚಿ ಹಿಂದೆ ನಿಂತರು. ನಾದಿನಿ ಬಗ್ಗಿದಳು. ಈಗ ಹೇಳದಿದ್ದರೆ ಇನ್ನು ಹೇಳುವುದು ಯಾವಾಗ? “ಅಕ್ಕಾರ…” ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಆದರೆ ಅವಳು ಬಾಯಿ ತೆರೆಯಲೇ ಇಲ್ಲ! ಕೂದಲು ಹಿಂದೆ ಸರಿಸಿ, ತನ್ನ ಕಿವಿಯನ್ನೇ ಹುಡುಗಿಯ ಬಾಯಿಗೆ ಹಿಡಿದಳು.

“ನನಗ ಗೊತ್ತಿಲ್ಲವಾ. ನೀನ ಹೇಳು.”

ಹುಡುಗಿ ನನ್ನ ಕಡೆ ನೋಡಿದಳು. ನಾನು ಹೂಂ ಎಂದು ತಲೆ ಅಲ್ಲಾಡಿಸಿದೆ, ಇಡೀ ಮೈ ಅಲ್ಲಾಡಿರಬೇಕು. ಅವಳು ಹಗ್ಗ ಬಿಟ್ಟು, ಸೋದರತ್ತೆಯ ಕಿವಿಗೆ ಎರಡೂ ಕೈ ಅಡ್ಡ ಹಿಡಿದು, ‘ಕುರ್‌ರ್’ ಎಂದು ಊದಿ ಹೇಳಿದಳು. ಹಲ್ಲಿಲ್ಲದ ಬಾಯಿಯ ಗಾಳಿಗೆ ಕಚಗುಳಿಯಾಗಿ ನಾದಿನಿ ನಕ್ಕಳು. ಬೆನ್ನಿನ ಮೇಲೆ ದಬದಬ ಗುದ್ದು!

“ಕಲ್ಲವ್ವ!” ಎಂದು ನಾದಿನಿ ಕೂಗಿದ್ದು ಕೇಶ್ವಾಪುರಕ್ಕೆಲ್ಲ ಕೇಳಿರಬೇಕು.

“ಅಯ್ಯ ಶಿವನ, ನಾ ಏನಂತ ಕರೀಲಿ ಈಗ?” ಎಂದು ಅತ್ತೆ ಬಾಯಿಗೆ ಸೆರಗು ಹಿಡಿದರು.

“ಮೂವತ್ತು ವರ್ಷ ಏನಂತ ಕರದಿ? ‘ಅತ್ತಿಯಾರ’ ಅನ್ನು. ರೂಢಿ ಐತೆಲ್ಲ!” ಎಂದಳು ನಾದಿನಿ.

ಖರೇ ಹೇಳುತ್ತೇನೆ, ಈಗ ನಮ್ಮ ಮನೆಯಲ್ಲಿ ಎಪ್ಪತ್ತು ದಾಟಿದವರೊಬ್ಬರು ದಿನಾ ಸಂಜೆ, “ಅತ್ತಿಯಾರ, ಹಾಲು ಕುಡಿಯಾಕ ಬರ್ರಿ” ಎಂದು ಏಳು ವರ್ಷದವಳನ್ನು ಕರೆಯುತ್ತಾರೆ!

ಎಲ್ಲರೂ ಹೋದ ಮೇಲೆ ನಾವಿಬ್ಬರೂ ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದೆವು. “ಅಕ್ಕಾರ, ಹನ್ನೆರಡು ವರ್ಷ ಕಾಯ್ದಿದ್ರಿ…” ಎಂದೆ.

ಅವಳು ಗುಗ್ಗರಿಯ ಸ್ಟೀಲ್ ಬುಟ್ಟಿ ತಿಕ್ಕುತ್ತಲೇ ಇದ್ದಳು. “ತಲಿ ಹಿಕ್ಕಬೇಕಾದ್ರ ಕೇಳಿದ್ಲು ವೈನಿ. ‘ಹೆಸರು ತಗಿಯಾಕಿ ನೀವ ಏನ್ರಿ?’ ಅಂತ. ನಾ ಹೆಸರ ಇಡಾಕಿ ಅಂತ ತಿಳಕೊಂಡಿದ್ದೆ. ತಗಿಯಾಕಿ ಅಂತ ನನಗ ಯಾರೂ ಅಂದಿದ್ದಿಲ್ಲ.”

ನೀರು ಹಾಕಿದೆ. ಅವಳು ಬುಟ್ಟಿ ಬೋರಲು ಹಾಕಿದಳು.

“ನನ್ನ ಮದಿವ್ಯಾಗ ತಾಟಿನ್ಯಾಗ ಅಕ್ಕಿ ಹರವಿ, ಉಂಗುರಲೆ ಅದರ ಮ್ಯಾಲ ಹೊಸಾ ಹೆಸರು ಬರದ್ರಲ್ಲ, ನಾನೂ ನಕ್ಕೋತ ಕುಂತಿದ್ದೆ. ಆ ಮನಿಗೆ ಹೋದಮ್ಯಾಲ ಮೊದಲನೇ ವರ್ಷ, ಅವರು ಕರದ್ರ ನಾ ಹೊಳ್ಳಿ ನೋಡತಿದ್ದಿಲ್ಲ. ‘ಸೊಕ್ಕಿನಾಕಿ’ ಅಂದ್ರು. ಸೊಕ್ಕಲ್ಲ ವೈನಿ. ಕರದಿದ್ದು ನನ್ನನ್ನ ಅಂತ ನನಗ ತಿಳೀತಿದ್ದಿಲ್ಲ.”

ಈ ಮನೆಯಲ್ಲಿ ಅವಳಿಗೆ ಒಂದು ಹೆಸರು, ಗಂಡನ ಮನೆಯಲ್ಲಿ ಇನ್ನೊಂದು. ಹನ್ನೆರಡು ವರ್ಷದಿಂದ ಎರಡನ್ನೂ ಕೇಳುತ್ತ ಬಂದಿದ್ದೆ. ಒಮ್ಮೆಯಾದರೂ ನಾನು ಏನಾದರೂ ಯೋಚಿಸಿದ್ದೆನೇ?

ಅವಳು ಕೈ ಒರೆಸಿಕೊಂಡು ಬಾಗಿಲಿಗೆ ಬಂದಳು. ಹಾಲ್‌ನಲ್ಲಿ ಹುಡುಗಿ ನಮಗೆ ಬೆನ್ನು ಮಾಡಿ ಜೋಕಾಲಿ ಜೀಕುತ್ತಿದ್ದಳು.

“ಕಲ್ಲವ್ವಾ!”

ತಟ್ಟನೆ ಹೊಳ್ಳಿ ನೋಡಿದಳು. “ಏನ್ರಿ ಅತ್ತಿ?”

“ಏನಿಲ್ಲವಾ. ಸುಮ್ನ ಕರದೆ.”

ಹುಡುಗಿ ಮತ್ತೆ ಆ ಕಡೆ ತಿರುಗಿ ಜೀಕಿದಳು. ನಾದಿನಿ ಇನ್ನೊಮ್ಮೆ ಕರೆದಳು.