ಕಳಚದ ಟ್ರೈಲರ್

ತನ್ನ ಟ್ರೈಲರ್ ಇನ್ನು ಈ ಜನ್ಮದಲ್ಲಿ ಕಳಚಿಕೊಳ್ಳುವುದಿಲ್ಲ ಎಂದು ಲಾಂಡ್ರಿಯಮ್ಮ ನಾದಿನಿಯ ಮುಂದೆ ಸಾರಿದಳು. ಗಂಡ ಇದ್ದಾಗ ಅದನ್ನು ಕಾರಿಗೆ ತಂತಿ ಸುತ್ತಿ ಕಟ್ಟುತ್ತಿದ್ದ. ಒಮ್ಮೆ ಬ್ರೇಕ್ ಹಾಕಿದಾಗ ಅದು ಕಳಚಿ, ಆಸ್ಪತ್ರೆಯ ಹಾಸಿಗೆ ಬಟ್ಟೆ ಸಮೇತ ಇವರ ಕಾರನ್ನೇ ಹಿಂದಿಕ್ಕಿ ಹೋಗಿತ್ತು. "ನಮಗಿಂತ ಅದಕ್ಕೇ ಅವಸರ," ಎಂದಿದ್ದ. ಈಗ ಅವನೂ ಅವಸರ ಮಾಡಿ ಹೋಗಿದ್ದಾನೆ.

ಸಂಜೆಯೊಳಗೆ ಟ್ರೈಲರ್ ತಪಾಸಣೆಯಲ್ಲಿ ಪಾಸಾಗದಿದ್ದರೆ ಬಟ್ಟೆ ಒಗೆಯುವ ಕೆಲಸ ಬೇರೆಯವರ ಪಾಲು ಎಂದು ಆಸ್ಪತ್ರೆಯವರು ಹೇಳಿಬಿಟ್ಟಿದ್ದರು. ಅವಳ ಮನೆ ನಡೆಯುತ್ತಿದ್ದದ್ದೇ ಆ ಬಟ್ಟೆಯಿಂದ.

ಹಿಂದಿನ ದೀಪ ಹಾಕಿಸಿದಳು. ನಂಬರ್ ಪ್ಲೇಟ್ ಬರೆಸಿದಳು. ಸರಪಳಿ ಬಿಗಿಸಿದಳು. ಆದರೂ ಕಾರಿನ ಹಿಂದಿನ ಕಬ್ಬಿಣದ ಗುಂಡಿನ ಮೇಲೆ ಟ್ರೈಲರ್ ಕೊಂಡಿ ಅಲುಗುವುದನ್ನು ಕಂಡು ಅವಳಿಗೆ ಸಮಾಧಾನವಾಗಲಿಲ್ಲ.

"ಇದನ್ನ ಬೆಸೆದುಬಿಡು," ಎಂದಳು ವೆಲ್ಡರ್‌ಗೆ.

"ಪೂರ್ತಿನಾ?"

"ಪೂರ್ತಿ. ನಾನು ಸತ್ರೂ ಬಿಡಬಾರದು."

"ಆಮೇಲೆ ನನ್ನ ಕೇಳ್ಬೇಡಿ."

"ಸತ್ತಮೇಲೆ ಯಾಕೆ ಕೇಳ್ಲಿ?"

ವೆಲ್ಡರ್ ಅಂಗಡಿಯಿಂದ ತಪಾಸಣೆ ಕಚೇರಿಯವರೆಗೆ ರಸ್ತೆ ಗೆರೆ ಎಳೆದಂತೆ ನೇರ. ಟ್ರೈಲರ್ ಅತ್ತಿತ್ತ ಅಲುಗದೆ ಹಿಂದೆ ಬಂತು.

"ನೋಡು, ಹೇಗೆ ಬಾಲ ಮುದುರಿಕೊಂಡು ಬರ್ತಿದೆ."

"ನಮ್ಮಣ್ಣನಿಗೆ ಇದು ಹೊಳೀಲೇ ಇಲ್ಲ ನೋಡಿ ಅತ್ತಿಗೆ," ಎಂದಳು ನಾದಿನಿ.

ಕಚೇರಿಯ ಗೇಟು ಬಂತು. ಲಾಂಡ್ರಿಯಮ್ಮ ಸ್ಟಿಯರಿಂಗ್ ತಿರುಗಿಸಿದಳು. ಕಾರು ತಿರುಗಲಿಲ್ಲ. ಇನ್ನೂ ತಿರುಗಿಸಿದಳು. ಮುಂದಿನ ಚಕ್ರಗಳು ಕಿರುಚಿದವು, ಹಿಂದಿನವು ರಸ್ತೆಯನ್ನು ಉಜ್ಜಿದವು. ಕಾರು, ಟ್ರೈಲರ್ ಎರಡೂ ಸೇರಿ ಒಂದೇ ತೊಲೆಯಂತೆ ರಸ್ತೆಗೆ ಅಡ್ಡ ನಿಂತವು. ಹಿಂದೆ ಬಸ್ಸು, ಬಸ್ಸಿನ ಹಿಂದೆ ಲಾರಿ, ಲಾರಿಯ ಹಿಂದೆ ಊರು.

ಇನ್ಸ್‌ಪೆಕ್ಟರ್ ಹೊರಗೆ ಬಂದು ಸುತ್ತ ನಡೆದು ನೋಡಿದ.

"ದೀಪ ಚೆನ್ನಾಗಿದೆ. ಸರಪಳಿ ಗಟ್ಟಿ ಇದೆ."

"ಹಾಗಾದ್ರೆ ಪಾಸಾ?"

"ಪಾಸಾಗೋಕೆ ಒಳಗೆ ಬರಬೇಕಲ್ಲಮ್ಮ. ಹಿಂದಿನ ಗಾಡಿ ತಿರುಗಬೇಕು, ಬೇಕಾದಾಗ ಬಿಚ್ಚಬೇಕು. ನೀವು ತಂದಿರೋದು ಗಾಡಿ ಅಲ್ಲ, ಗೋಡೆ."

ಬಸ್ಸಿನವರು ಲಾಂಡ್ರಿಯಮ್ಮನ ಪಾಲಿನದನ್ನೂ ಸೇರಿಸಿ ಮಾತಾಡಿದರು.

ವೆಲ್ಡರ್‌ನನ್ನು ಕರೆಸಿ ರಸ್ತೆಯಲ್ಲೇ ಬೆಸುಗೆ ಕೊಯ್ಯಿಸಿ, ಹೊಸ ಗುಂಡು, ಹೊಸ ಕೊಂಡಿ ಹಾಕಿಸಿದ್ದಾಯಿತು. ಕಾರು ಗೇಟಿನೊಳಗೆ ತಿರುಗಿತು.

"ಈಗ ನೀವೇ ಬಿಚ್ಚಿ ತೋರಿಸಿ," ಎಂದ ಇನ್ಸ್‌ಪೆಕ್ಟರ್.

ಅವಳು ಸರಪಳಿ ಬಿಚ್ಚಿದಳು, ಕೊಂಡಿಯ ಹಿಡಿ ಎತ್ತಿದಳು. ಟಕ್ ಎಂದಿತು. ಟ್ರೈಲರ್ ಕಾರನ್ನು ಬಿಟ್ಟಿತು. ಅಷ್ಟು ಸುಲಭ.

ಇನ್ಸ್‌ಪೆಕ್ಟರ್ ಪಾಸ್ ಎಂದು ಬರೆದ. ಅವಳು ಮಾತ್ರ ಎರಡೂ ಕೈಯಲ್ಲಿ ಟ್ರೈಲರನ್ನು ಅವುಚಿಕೊಂಡು ನಿಂತೇ ಇದ್ದಳು. ಕಣ್ಣು ಕೆಂಪಾಗಿತ್ತು. ನಾದಿನಿ ಹತ್ತಿರ ಬಂದು ಬೆನ್ನು ಸವರಿದಳು.

"ಅಣ್ಣನ ನೆನಪಾಯ್ತಾ ಅತ್ತಿಗೆ? ಬಿಟ್ಟುಬಿಡಿ."

"ಬಿಟ್ರೆ ಇನ್ಸ್‌ಪೆಕ್ಟರ್ ಕಾಲ ಮೇಲೆ ಹೋಗುತ್ತೆ. ಇಳಿಜಾರಿದೆ. ಚಕ್ರಕ್ಕೆ ಒಂದು ಕಲ್ಲು ಕೊಡು ಮೊದಲು."